ಲಗಾಮು ಸಡಿಲಿಸುವ ಬಗೆ

ಇಂಗ್ಲಿಷಿನಲ್ಲಿ ‘ಗಿವ್ ಹಿಮ್ ಹಿಸ್ ಹೆಡ್’ ಎಂಬ ನುಡಿಗಟ್ಟೊಂದಿದೆ. ಪದಶಃ ಅನುವಾದಿಸಹೊರಟ ವಿದ್ಯಾರ್ಥಿಯು ‘ಅವನ ತಲೆಯನ್ನು ಅವನಿಗೆ ಕೊಡು’ ಎಂದು ಬರೆದು ನಗೆಗೀಡಾಗುವುದುಂಟು. ಇದು ಕುದುರೆ ಸವಾರರಿಂದ ಬಂದ ಮಾತು. ಇಳಿಜಾರಿನಲ್ಲಿ, ಕಲ್ಲುನೆಲದಲ್ಲಿ ಅನುಭವಿಯಾದ ಸವಾರನು ಲಗಾಮನ್ನು ಬಿಗಿಹಿಡಿಯದೆ ಸಡಿಲಿಸುತ್ತಾನೆ. ಆಗ ಕುದುರೆಯು ಕತ್ತು ಚಾಚಿ, ಮೈತೂಕ ಸರಿಪಡಿಸಿಕೊಂಡು, ಕಾಲಿಡುವ ಎಡೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಒಬ್ಬನನ್ನು ಅವನ ಇಚ್ಛೆಯಂತೆ ನಡೆಯಗೊಡುವುದು ಎಂಬ ಅರ್ಥವು ಇದರಿಂದ ಹುಟ್ಟಿತು. ಸವಾರನು ಮಾತ್ರ ಜೀನಿನ ಮೇಲೆಯೇ ಇರುತ್ತಾನೆಂಬುದು ಗಮನಾರ್ಹ.

ಅದೇ ಭಾಷೆಯ ‘ಹ್ಯಾವ್ ಇಟ್ ಯುವರ್ ಓನ್ ವೇ’ ಎಂಬುದರ ಜಾಯಮಾನವೇ ಬೇರೆ. ಬಹುಮಟ್ಟಿಗೆ ಅದು ವಾದದಲ್ಲಿ ಬೇಸತ್ತವರ ಮಾತು. ಕನ್ನಡದ ಮನೆಗಳಲ್ಲಿ ಕೇಳಿಬರುವ ‘ನಿನ್ನಿಷ್ಟ, ಏನಾದರೂ ಮಾಡಿಕೋ’ ಎಂಬುದರ ಒಡಹುಟ್ಟು. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಈ ಮಾತಿಗೆ ಸುಗ್ಗಿ. ಮಗನಿಗೆ ಚರಿತ್ರೆ ಬೇಕು, ತಂದೆಗೆ ವಿಜ್ಞಾನ ಬೇಕು. ಕಡೆಗೆ ತಂದೆ ‘ನಿನ್ನಿಷ್ಟ’ ಎನ್ನುತ್ತಾರೆ. ಅಲ್ಲಿಂದ ಮುಂದೆ ಹುಡುಗನು ಎಡವಿದಲ್ಲೆಲ್ಲ ‘ಅಂದೇ ಹೇಳಿರಲಿಲ್ಲವೇ’ ಎಂಬ ಮಾತು ಕಾದಿರುತ್ತದೆ. ಇದನ್ನು ಸಮ್ಮತಿಯೆಂದು ಕರೆಯುವುದು ಕಷ್ಟ.

ಇಂಗ್ಲೆಂಡಿನ ಶ್ರೂಸ್‌ಬರಿಯ ವೈದ್ಯ ರಾಬರ್ಟ್ ಡಾರ್ವಿನ್ನರೂ ಹಟವಾದಿ ತಂದೆಯೇ. ಮಗ ಚಾರ್ಲ್ಸ್‌ನನ್ನು 1825ರಲ್ಲಿ ವೈದ್ಯ ವಿದ್ಯೆಗೆಂದು ಎಡಿನ್‌ಬರೋಗೆ ಕಳುಹಿಸಿದರು. ಅದು ಒಗ್ಗದಿರಲು, ಪಾದ್ರಿಯಾಗಲೆಂದು ಕೇಂಬ್ರಿಜಿಗೆ ಸೇರಿಸಿದರು. 1831ರಲ್ಲಿ ಬೀಗಲ್ ನೌಕೆಯ ಯಾನಕ್ಕೆ ಕರೆ ಬಂದಾಗ ಬೇಡವೆಂದರು. ಆದರೆ ವಿವೇಕಿಯಾದವನೊಬ್ಬನು ಹೋಗೆಂದು ಸಲಹೆಯಿತ್ತರೆ ತಾವೂ ಒಪ್ಪುವುದಾಗಿ ತಿಳಿಸಿದರು. ಮಗನು ಒಲ್ಲೆನೆಂದು ಕಾಗದ ಬರೆದು ಸೋದರಮಾವನ ಮನೆಗೆ ತೆರಳಿದನು—ಅದು ಹಕ್ಕಿ ಬೇಟೆಯ ಕಾಲ. ಮಾವ ಜೋಸಯ್ಯ ವೆಜ್‌ವುಡ್ಡರು ತಂದೆಯ ಎಂಟು ಆಕ್ಷೇಪಣೆಗಳಿಗೂ ಒಂದೊಂದಾಗಿ ಉತ್ತರ ಬರೆದರು. ತಂದೆ ಮನಃಪೂರ್ವಕವಾಗಿ ಒಪ್ಪಿದರು. 1836ರವರೆಗೆ ನಡೆದ ಆ ಯಾನದಲ್ಲಿ ಮಗನ ಖರ್ಚನ್ನೂ ವಹಿಸಿದರು. ಹಣ ಕೊಡುವಾಗ ಚುಚ್ಚುಮಾತು ಸೇರಿಸದಿರುವುದು ಸುಲಭವಲ್ಲವೆಂಬುದನ್ನು ಹೆತ್ತವರು ಬಲ್ಲರು.

ಇಲ್ಲಿ ಮೆಚ್ಚಬೇಕಾದುದು ತಂದೆಯ ಉದಾರತೆಗಿಂತಲೂ ಮಾವನ ಶ್ರಮವನ್ನು. ಆಕ್ಷೇಪಣೆಗಳನ್ನು ಗೌರವದಿಂದ ಓದಿ ಉತ್ತರಿಸುವವರೊಬ್ಬರಿದ್ದುದರಿಂದಲೇ ಕೋಪದ ‘ನಿನ್ನಿಷ್ಟ’ಕ್ಕೆ ಎಡೆಯಾಗಲಿಲ್ಲ. ಶಾಲೆಯಲ್ಲಿ ಆ ಮಾವನ ಸ್ಥಾನವು ಉಪಾಧ್ಯಾಯರದು. ಅವರಿಗೆ ಬಿಡುವಿಲ್ಲದ ಕಡೆ, ಅದೇ ದಾರಿಯಲ್ಲಿ ನಡೆದುಬಂದ ಹಿರಿಯ ವಿದ್ಯಾರ್ಥಿಗಳದು. ದಾನಿಗಳು ಅಂಕಗಳಿಗೆ ಪದಕವಿಡುವುದು ಸ್ತುತ್ಯವೇ. ಅದರ ಜೊತೆಗೆ, ಮನೆಯವರ ನಿರೀಕ್ಷೆಗೆ ಹೊರತಾದ ವಿಷಯವನ್ನು ಆರಿಸಿಕೊಂಡ ಬಡ ವಿದ್ಯಾರ್ಥಿಗೆ ಎರಡು ವರ್ಷಗಳ ಶುಲ್ಕವನ್ನು ಒದಗಿಸುವ ದತ್ತಿಯೊಂದಿದ್ದರೆ, ತಂದೆಯ ಆಕ್ಷೇಪಣೆಗಳಲ್ಲಿ ಒಂದಾದರೂ ಅಲ್ಲಿಯೇ ಕಳೆಯುತ್ತದೆ.