ದಾನವೂ ಸೇವೆಯೂ

ಕೊಡುವುದೇ ಸೇವೆಯೆಂದು ನಾನು ಬಹುಕಾಲ ನಂಬಿದ್ದೆ. ಒಮ್ಮೆ ನಮ್ಮ ಚೋರನೂರಿನಲ್ಲಿ ಬಸ್ಸಿಗೆ ಕಾದಿದ್ದಾಗ, ಕುಷ್ಠದಿಂದ ಬೆರಳು ಸವೆದ ಮುದುಕರೊಬ್ಬರು ಕೈಯೊಡ್ಡಿದರು. ನಾಣ್ಯವನ್ನು ಅಂಗೈಯಲ್ಲಿ ಇಡಲಿಲ್ಲ, ಮೇಲಿನಿಂದ ಹಾಕಿದೆ. ಅದು ದಾನವಾಯಿತು, ಸೇವೆಯಾಗಲಿಲ್ಲ.

ಈ ವ್ಯತ್ಯಾಸ ನನಗೆ ಹೊಳೆದದ್ದು ಕಥೋಲಿಕ ಬ್ರದರುಗಳ ಬಾಳನ್ನು ಕುರಿತು ಓದಿದಾಗ. ಬ್ರದರ್ ಎಂದರೆ ಪಾದ್ರಿಯಲ್ಲ. ಬಲಿಪೂಜೆ ಅರ್ಪಿಸುವ ಅಧಿಕಾರ ಅವರಿಗಿಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಯೆಂಬ ಮೂರು ವ್ರತ ಹಿಡಿದು ಒಂದೇ ಮನೆಯಲ್ಲಿ ಕೂಡಿ ಬಾಳುತ್ತಾರೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ದುಡಿಮೆ. ಸಂಜೆ ಮತ್ತೆ ಪ್ರಾರ್ಥನೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಚಿತ್ರ ಬರೆದ ಇಟಲಿಯ ಮೊಸ್ಕೇನಿಯವರೂ ಯೇಸುಸಭೆಯ ಇಂಥ ಬ್ರದರೇ.

ಮಿಷನರೀಸ್ ಆಫ್ ಚಾರಿಟಿಯ ಬ್ರದರುಗಳ ಸಂಘ ಕಲ್ಕತ್ತೆಯಲ್ಲಿ ಹುಟ್ಟಿದ್ದು 1963ರಲ್ಲಿ. ಅಲ್ಲಿಗೆ ಸಮೀಪದ ಟಿಟಾಗಢದಲ್ಲಿ ಅವರು ಕುಷ್ಠರೋಗಿಗಳ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಾರೆ. ಅಷ್ಟಕ್ಕೇ ನಿಲ್ಲದೆ, ಅವರನ್ನು ಮಗ್ಗದ ಮುಂದೆ ಕೂರಿಸಿದ್ದಾರೆ. ಮದರ್ ತೆರೇಸಾರ ಸೋದರಿಯರು ಉಡುವ ನೀಲಿ ಅಂಚಿನ ಬಿಳಿ ಸೀರೆ ನೇಯುವವರು ಇವರೇ. ಜನ ಮುಟ್ಟಲು ಹೇಸಿದ ಕೈಗಳಿಂದ ಜಗತ್ತು ಗೌರವಿಸುವ ಉಡುಪು ಹುಟ್ಟಿತು!

ಇದರ ಹಿಂದೆ ಮತಪ್ರಚಾರವಿಲ್ಲವೆ ಎಂದು ಮಿತ್ರರು ಕೇಳುತ್ತಾರೆ. ಕೇಳಲಿ. ಆದರೆ ಹುಣ್ಣು ತೊಳೆಯಲು ನಾವು ಯಾರ ಮತಕ್ಕೂ ಸೇರಬೇಕಾಗಿಲ್ಲವಲ್ಲ! ಕುಷ್ಠ ಇಂದು ಔಷಧದಿಂದ ಗುಣವಾಗುತ್ತದೆ. ನಮ್ಮ ಅಳುಕು ಮಾತ್ರ ಉಳಿದಿದೆ. ನಮ್ಮ ಕಾಲೇಜಿನವರು ಚಂದಾ ಎತ್ತಿ ಕೈತೊಳೆದುಕೊಳ್ಳುವ ಬದಲು ವಾರಕ್ಕೊಂದು ಗಂಟೆ ಆಸ್ಪತ್ರೆಯಲ್ಲಿ ದುಡಿಯಲೆಂಬುದು ನನ್ನ ವಿನಯಪೂರ್ವಕ ಸೂಚನೆ.

ಆ ಮುದುಕರು ಮತ್ತೆ ಕಂಡರೆ ಮೊದಲು ಪಕ್ಕದಲ್ಲಿ ಕೂರುತ್ತೇನೆ; ನಾಣ್ಯದ ಮಾತು ಆಮೇಲೆ.