ಆರೋಗ್ಯ ವಿಚಾರ: ಬಂಧನಿ ಸೀರೆಯೂ ಕರುಳಿನ ಗಂತಿಯೂ

ದಂಡಿನ ಕಮರ್ಷಿಯಲ್ ಸ್ಟ್ರೀಟಿಗೆ ಮದುವೆಯ ಜವಳಿಗೆಂದು ನಾವು ಹೋಗಿದ್ದಾಗ, ಹಳೆಯ ಪರಿಚಯದ ಸೋದರಿಯೊಬ್ಬರು ಅಂಗಡಿಯಲ್ಲಿ ಸಂಧಿಸಿದರು. ಅವರ ಯಜಮಾನರಿಗೆ 72ನೆಯ ವಯಸ್ಸಿನಲ್ಲಿ ದೊಡ್ಡ ಕರುಳಿನಲ್ಲಿ ಏಡಿಗಂತಿ, ಎಂದರೆ ಕ್ಯಾನ್ಸರ್, ಹುಟ್ಟಿ ಶಸ್ತ್ರಚಿಕಿತ್ಸೆಯಾಗಿತ್ತು. ಚೀಲದಿಂದ ವರದಿಯೊಂದನ್ನು ತೆಗೆದು, "ಎಂಎಲ್‌ಎಚ್1 ಮಿಥೈಲೇಷನ್ ಇದೆಯೆಂದು ಬರೆದಿದ್ದಾರೆ. ಹಾಗಾದರೆ ಮಕ್ಕಳಿಗೂ ಬರುವುದೇ, ಹೇಳಿ" ಎಂದರು. ಅಂಗಡಿಯ ಗದ್ದಲದಲ್ಲಿ ಹೇಳಲಾಗದೆ ಹೋದುದನ್ನು ಇಲ್ಲಿ ಬರೆಯುತ್ತೇವೆ. ಇತರ ವಾಚಕರಿಗೂ ಉಪಯೋಗವಾದೀತು.

ಜೀವಕೋಶವು ಎರಡಾಗುವ ಮುನ್ನ ತನ್ನ ಡಿ.ಎನ್.ಎ. ಎಂಬ ವಂಶಲಿಪಿಯನ್ನು ಪ್ರತಿ ಮಾಡಿಕೊಳ್ಳುತ್ತದೆ. ಪ್ರತಿ ಮಾಡುವಾಗ ತಪ್ಪು ಬೀಳುವುದು ಸಹಜವಷ್ಟೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರಿರುವಂತೆ ಅಲ್ಲಿಯೂ ತಿದ್ದುವವರುಂಟು. ಎಂಎಲ್‌ಎಚ್1 ಎಂಬ ಜೀನಿನಿಂದ ಅಂಥವರಲ್ಲೊಬ್ಬರು ಹುಟ್ಟುವರು. (ನಮ್ಮ ಪತ್ರಿಕೆಯ ಕರಡು ತಿದ್ದುವವರಿಗಿಂತ ಬಲು ಜಾಗರೂಕರೆಂದೇ ಹೇಳಬೇಕು.) ಈ ಜೀನು ಸುಮ್ಮನಾದರೆ ತಪ್ಪುಗಳು ಕೂಡುತ್ತ ಹೋಗಿ ಗಂತಿಗೆ ಎಡೆಯಾಗುವುದು.

ಸುಮ್ಮನಾಗುವುದು ಎರಡು ಬಗೆ. ಹುಟ್ಟಿನಿಂದಲೇ ಲಿಪಿಯ ಅಕ್ಷರ ಕೆಟ್ಟಿರುವುದು ಒಂದು. ಇದನ್ನು ಲಿಂಚ್ ರೋಗವೆನ್ನುವರು. ಇದು ಪ್ರತಿಯೊಂದು ಮಗುವಿಗೂ ಬರುವ ಸಂಭವ ನೂರಕ್ಕೆ 50. ಎರಡನೆಯದರಲ್ಲಿ ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ. ಆದರೆ ಜೀನಿನ ಮೊದಲ ಭಾಗಕ್ಕೆ, ಒಂದು ಇಂಗಾಲ ಮೂರು ಜಲಜನಕಗಳ ಮಿಥೈಲ್ ಎಂಬ ಕಿರುತುಣುಕುಗಳು ಅಂಟಿಕೊಂಡು ಬಾಗಿಲಿಗೆ ಬೀಗ ಬಿದ್ದಂತಾಗುತ್ತದೆ. ಜಠರದ ಗಂತಿಯಲ್ಲಿ ಸಿಡಿಎಚ್1 ಎಂಬ ಜೀನಿಗೂ ಹೀಗೆಯೇ ಬೀಗ ಬೀಳುವುದುಂಟು.

ಕಣ್ಣಿಗೆ ಕಾಣದ ಈ ಬೀಗವನ್ನು ಅಳೆಯುವುದೆಂತು? ಆ ದಿನ ಅಂಗಡಿಯವರು ಹರಡಿದ ಬಂಧನಿ ಸೀರೆಯನ್ನೇ ನೆನೆಯಿರಿ. ದಾರದಿಂದ ಗಂಟು ಕಟ್ಟಿದ ಕಡೆ ಬಣ್ಣ ಹಿಡಿಯದು. ಗಂಟು ಬಿಚ್ಚಿದಾಗ ಅಲ್ಲಿ ಚುಕ್ಕೆ ಉಳಿಯುವುದು. 1992ರಲ್ಲಿ ಆಸ್ಟ್ರೇಲಿಯದ ಮರಿಯಾನ್ ಫ್ರಾಮರ್ ಎಂಬ ವಿದುಷಿಯೂ ಅವರ ಸಂಗಡಿಗರೂ ಪ್ರಕಟಿಸಿದ ಕ್ರಮವೂ ಇಂಥದೇ. ಗಂತಿಯ ಡಿ.ಎನ್.ಎ.ಯನ್ನು ಬೈಸಲ್ಫೈಟ್ ಎಂಬ ಗಂಧಕದ ಲವಣದಲ್ಲಿ ನೆನೆಸುವರು. ಒಣಹಣ್ಣು ಕೆಡದಂತೆ ಬಳಸುವುದೂ ಇದೇ ಜಾತಿಯ ಲವಣವನ್ನೇ. ಆಗ ಸೈಟೊಸಿನ್ ಎಂಬ ಅಕ್ಷರವು ಯುರಾಸಿಲ್ ಆಗಿ ಮಾರ್ಪಡುವುದು. ಮಿಥೈಲ್ ಅಂಟಿದ ಸೈಟೊಸಿನ್ ಮಾತ್ರ ಮೊದಲಿನಂತೆಯೇ ಉಳಿಯುವುದು. ಬಳಿಕ ಆ ಲಿಪಿಯನ್ನು ಹಲವು ಪಟ್ಟು ಪ್ರತಿಮಾಡಿ ಓದಿ, ನೂರರಲ್ಲಿ ಎಷ್ಟು ಉಳಿದುವೆಂದು ಎಣಿಸುವರು. ತುಣುಕಿನಲ್ಲಿ ಗಂತಿಯೊಡನೆ ಆರೋಗ್ಯವಾದ ಮಾಂಸವೂ ಬೆರೆತಿದ್ದರೆ ಎಣಿಕೆ ತಗ್ಗುವುದು. ಆದುದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಿ ಗಂತಿಯ ಭಾಗವನ್ನು ಗುರುತಿಸಿಕೊಡುವ ವೈದ್ಯರ ಕೈಗುಣವೂ ಇಲ್ಲಿ ಮುಖ್ಯವೆಂದು ನಮ್ಮ ಭಾವನೆ.

ಇನ್ನು ಆ ಸೋದರಿಯ ಪ್ರಶ್ನೆಗೆ ಬರೋಣ. ಮುಪ್ಪಿನಲ್ಲಿ ಕಂಡ ಗಂತಿಯಲ್ಲಿ ಎಂಎಲ್‌ಎಚ್1ಗೆ ಮಿಥೈಲ್ ಅಂಟಿದ್ದರೆ ಅದು ಬಹುಮಟ್ಟಿಗೆ ಆ ಕರುಳಿನಲ್ಲಿಯೇ ಹುಟ್ಟಿದ ದೋಷ, ವಂಶದ್ದಲ್ಲ. ಅಮ್ಮಾ, ನೀವು ಹೆದರಿದ ಆ ಪದವೇ ನಿಮಗೆ ಸಮಾಧಾನ ಹೇಳುವಂಥದು. ಎಳೆಯ ವಯಸ್ಸಿನ ರೋಗಿಯಾದರೆ ಮಾತು ಬೇರೆ. ಆಗ ರಕ್ತವನ್ನೂ ಪರೀಕ್ಷಿಸಬೇಕಾಗುವುದು. ನಿಮ್ಮ ಮಕ್ಕಳು 40 ತುಂಬಿದೊಡನೆ ವೈದ್ಯರನ್ನು ಕೇಳಿ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಲಿ. ತಂದೆಗೆ ಈ ರೋಗ ಬಂದಿದ್ದ ಮನೆಗಳಲ್ಲಿ ಇದು ವಾಡಿಕೆಯ ಎಚ್ಚರಿಕೆ. ವರದಿಯನ್ನು ಮಾತ್ರ ಜೋಪಾನವಾಗಿಡಿ. ಅಂದು ಅದನ್ನು ಸೀರೆಯ ರಸೀತಿಯೊಡನೆ ಮಡಿಚಿದುದನ್ನು ನಾವು ಕಂಡೆವು.