ಎಷ್ಟು ಕೊಟ್ರು?

ತುರ್ವಿಹಾಳದಿಂದ ಮುದಗಲ್ ಭಾಳ ದೂರಿಲ್ಲ. ಅಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿದ್ದಾರೆ. ಹಂಗಿದ್ದರೂ ನಮ್ಮ ಕಡೆ ದೊಡ್ಡವರೊಬ್ಬರು ದೀಕ್ಷಾಸ್ನಾನ ತಗೊಂಡರು ಅಂದ ಕೂಡಲೇ ಜನ ಕೇಳುವುದು ಒಂದೇ ಮಾತು: ‘ಎಷ್ಟು ಕೊಟ್ರಂತ?’ ಆ ಮನುಷ್ಯ ಸ್ವಂತ ಬುದ್ಧಿಯಿಂದ ಯೋಚಿಸಿರಬಹುದು ಅಂತ ಯಾರಿಗೂ ಅನಿಸುವುದಿಲ್ಲ.

2022ರ ಮತಾಂತರ ಕಾಯ್ದೆ ಈ ಅನುಮಾನಕ್ಕೆ ಸರಕಾರಿ ಮೊಹರು ಒತ್ತಿತು. 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಫಾರಂ, ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ, ಆಕ್ಷೇಪಣೆಗೆ 30 ದಿನ. ಆದಮೇಲೆ ಮತ್ತೊಂದು ಫಾರಂ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರ ವಿಷಯದಲ್ಲಿ ಕಾಯ್ದೆ ಮುರಿದರೆ ಅಪ್ರಾಪ್ತರ ವಿಷಯದಲ್ಲಿ ಇರುವಷ್ಟೇ ಶಿಕ್ಷೆ, 3ರಿಂದ 10 ವರ್ಷ. ಅಂದರೆ ನೆಲ್ಲು ಹಚ್ಚಿ ಮನೆ ನಡೆಸುವ ಹೆಣ್ಣುಮಗಳು ಈ ಲೆಕ್ಕದಲ್ಲಿ ಸಣ್ಣ ಕೂಸು. ಓಟು ಹಾಕುವಾಗ ಮಾತ್ರ ದೊಡ್ಡಾಕಿ! 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಜನರ ಅನುಮಾನಕ್ಕೆ ಅದರಿಂದೇನೂ ಆಗಲಿಲ್ಲ.

ಚರ್ಚಿನವರಿಗೂ ನನ್ನದೊಂದು ಮಾತಿದೆ. ಈ ಅನುಮಾನಕ್ಕೆ ಉತ್ತರ ನಿಮ್ಮ ಕಪಾಟಿನಾಗೇ ಐತಿ. ವ್ಯಾಟಿಕನ್ ಎರಡನೇ ಮಹಾಸಭೆ 1965ರಲ್ಲೇ ಬಲವಂತ, ಆಮಿಷ ಎರಡನ್ನೂ ನಿಷೇಧಿಸಿತು. 1972ರಲ್ಲಿ ರೋಮ್ ವಯಸ್ಕರ ದೀಕ್ಷಾವಿಧಿ ಹೊರತಂದಿತು. ಮೊದಲು ವಿಚಾರಿಸುವ ಕಾಲ. ಆಮೇಲೆ ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಕಲಿಕೆ. ತಪಸ್ಸುಕಾಲದ ಮೂರು ಭಾನುವಾರ ಆತ್ಮಶೋಧನೆಯ ವಿಧಿ. ಪಾಸ್ಕ ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ. ಪೆಂತೆಕೋಸ್ತ್ ತನಕ ಮತ್ತೆ ಕಲಿಕೆ. ಈ ದಾರಿಯಲ್ಲಿ ‘ಒಲ್ಲೆ’ ಅಂತ ಎದ್ದು ಹೋಗಲು ಬೇಕಾದಷ್ಟು ಸಮಯವಿದೆ. ಆಮಿಷ ತೋರಿಸುವವನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಇಂಥದ್ದನ್ನು ನಾಲ್ಕು ಸಂಜೆಯ ಕ್ಲಾಸಿಗೆ ಇಳಿಸಬ್ಯಾಡ್ರಿ. ‘ಕೂಲಿ ಜನ, ಅವರಿಗೆಲ್ಲಿ ಟೈಮು?’ ಅನ್ನುವುದು ನೆಪ. ಕಾಲುವೆಗೆ ನೀರು ಬಿಡುವ ದಿನ, ಸುಗ್ಗಿ, ಬೆಂಗಳೂರಿಗೆ ಗುಳೆ ಹೋಗುವ ತಿಂಗಳು ನೋಡಿ ಪಾಠ ಇಟ್ಟುಕೊಳ್ರಿ. ಎರಡು ವರ್ಷ ಹಿಡಿದರೆ ಹಿಡೀಲಿ. ಪುಸ್ತಕದ ಕನ್ನಡ ಬಿಟ್ಟು ಓಣಿಯ ಕನ್ನಡದಾಗ ಹೇಳ್ರಿ. ಜ್ಞಾನತಾಯಿಯಾಗಿ ಅದೇ ಓಣಿಯ ಹೆಣ್ಣುಮಗಳು ನಿಲ್ಲಲಿ.

ಇನ್ನೊಂದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ, ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ಉಳಿಯುವುದಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು; ಕ್ರೈಸ್ತರಿಗೆ ತೆರೆಯಲಿಲ್ಲ. ಅದು ಅನ್ಯಾಯವೇ. ಆದರೆ ಆ ಅನ್ಯಾಯವನ್ನು ಬಂದವರಿಗೆ ಮೊದಲ ದಿನವೇ ಹೇಳಬೇಕು. ಮುಚ್ಚಿಟ್ಟು ನೀರು ಹಾಕಿದರೆ ಅದು ಮೋಸ, ದೀಕ್ಷೆಯಲ್ಲ.

ಮಕ್ಕಳ ಮೀಸಲಾತಿ ಹೋಗುತ್ತದೆ ಅಂತ ತಿಳಿದೂ, ಎರಡು ವರ್ಷ ಕೂತು ಕಲಿತು, ಆ ರಾತ್ರಿ ಮೇಣದಬತ್ತಿ ಹಿಡಿದು ನಿಂತವನಿಗೆ ‘ಎಷ್ಟು ಕೊಟ್ರು’ ಅಂತ ಕೇಳಲು ಯಾರಿಗೆ ಬಾಯಿ ಬಂದೀತು?